ಸುಳಿ ಬಿಡಿಸಿ ನೋಡಿ, ಆಮೇಲೆ ಕ್ಯಾನ್ ಎತ್ತಿ

2018ರ ಜುಲೈ. ನಮ್ಮ ಮೂರು ಎಕರೆ ಮೆಕ್ಕೆಜೋಳಕ್ಕೆ ಇಪ್ಪತ್ತೈದು ದಿನ ಆಗಿತ್ತು. ನಾಲ್ಕು ದಿನ ತವರಿಗೆ ಹೋಗಿ ಬಂದು ನೋಡಿದರೆ ಎಲೆಯೆಲ್ಲ ಚಿಂದಿ. ಗಿಡದ ನೆತ್ತಿಯಲ್ಲಿ ಎಳೆ ಎಲೆ ಸುತ್ತಿಕೊಂಡಿರೋ ಸುಳಿಯೊಳಗೆ ಒದ್ದೆ ಮರದ ಹೊಟ್ಟು ತುಂಬಿದ ಹಾಗಿತ್ತು. ನಮ್ಮತ್ತೆ ಬೆರಳಲ್ಲಿ ಕೆದಕಿ ನೋಡಿ, "ಇದು ಲದ್ದಿ ಕಣೇ, ಒಳಗೆ ಯಾವುದೋ ಹುಳ ಕೂತಿದೆ" ಅಂದರು. ಆಮೇಲೆ ಊರೆಲ್ಲ ಅದನ್ನು ಲದ್ದಿ ಹುಳ ಅಂತಲೇ ಕರೆಯಿತು. ಪುಸ್ತಕದ ಹೆಸರು ಫಾಲ್ ಸೈನಿಕ ಹುಳು.

ಔಷಧಿ ಅಂಗಡಿಯಲ್ಲಿ ಮೂರು ಬಾಟಲಿ ಕೊಟ್ಟು, ಮೂರನ್ನೂ ಬೆರೆಸಿ ಹೊಡೆಯಿರಿ ಅಂದರು. ನಮ್ಮ ಮನೆಯವರು ಮಟಮಟ ಮಧ್ಯಾಹ್ನ ಹೊಡೆದರು. ಮೇಲಿನ ಎಲೆ ತೊಯ್ದು ತೊಟ್ಟಿಕ್ಕಿತು. ಹುಳ ಮಾತ್ರ ಸುಳಿಯೊಳಗೆ, ಲದ್ದಿಯ ಕೆಳಗೆ ತಣ್ಣಗೆ ಕೂತಿತ್ತು. ವಾರ ಬಿಟ್ಟು ಮತ್ತೆ ಹೊಡೆದೆವು. ದುಡ್ಡೂ ಹೋಯಿತು, ಬೆಳೆಯೂ ಅರ್ಧಕ್ಕರ್ಧ ಹೋಯಿತು.

ಆ ವರ್ಷ ಮೇ ತಿಂಗಳಲ್ಲೇ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರು ಈ ಹುಳವನ್ನು ಗುರುತು ಹಿಡಿದಿದ್ದರು. ಇಡೀ ದೇಶದಲ್ಲೇ ಅದು ಮೊದಲ ಸಲ ಕಂಡಿದ್ದು. ನಮ್ಮದು ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಬೈಕಿನಲ್ಲಿ ಒಂದು ಗಂಟೆ ದಾರಿ. ಸುದ್ದಿಗಿಂತ ಮೊದಲು ಆ ಹುಳದ ಚಿಟ್ಟೆಯೇ ನಮ್ಮ ಹೊಲ ಮುಟ್ಟಿತ್ತು.

ಅವತ್ತಿನಿಂದ ಮಗಳ ಹಳೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡೋಕೆ ಶುರು ಮಾಡಿದೆ. ಬಿತ್ತಿದ ದಿನ, ಮಳೆ ಬಂದ ದಿನ, ಮೊದಲ ಮೊಟ್ಟೆ ಕಂಡ ದಿನ, ಗಿಡ ಎಣಿಸಿದ ಲೆಕ್ಕ. ಈಗಲೂ ಪ್ರತಿ ವರ್ಷ ಹುಳ ಬರುತ್ತದೆ. ಆದರೆ ಕಣ್ಣು ಕಟ್ಟಿಕೊಂಡು ಹೊಡೆಯೋದು ನಿಂತಿದೆ. ಆ ಪುಸ್ತಕದಲ್ಲಿ ಇರೋದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹವಾಮಾನಕ್ಕೂ ಹುಳಕ್ಕೂ ಏನು ನಂಟು

ಮೊದಲೇ ಒಂದು ಮಾತು. ಎಲ್ಲಾ ತಪ್ಪನ್ನೂ ಹವಾಮಾನ ಬದಲಾವಣೆ ತಲೆಗೆ ಕಟ್ಟೋದು ನನಗೆ ಸೇರಲ್ಲ. ಈ ಹುಳ ಅಮೆರಿಕ ಖಂಡದ್ದು. 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು, ಎರಡೇ ವರ್ಷದಲ್ಲಿ ನಮ್ಮಲ್ಲಿಗೆ ಬಂತು, 2019ಕ್ಕೆ ಚೀನಾ, 2020ಕ್ಕೆ ಆಸ್ಟ್ರೇಲಿಯಾ. ಅಷ್ಟು ದೂರ ಅದನ್ನು ದಾಟಿಸಿದ್ದು ಬರೀ ಬಿಸಿಲಲ್ಲ. ಸಾಮಾನು ಸಾಗಾಟದ ಪಾಲೂ ಇದೆ, ಗಾಳಿಯ ಪಾಲೂ ಇದೆ. ಇದರ ಚಿಟ್ಟೆ ಗಾಳಿ ಸಿಕ್ಕರೆ ಒಂದೇ ರಾತ್ರಿ ನೂರು ಕಿಲೋಮೀಟರ್ ಹಾರಬಲ್ಲದು. ಬಂದ ಮೇಲೆ ಊಟ ಹಾಕಿದ್ದು ನಾವು. ಬೋರ್ ಇದ್ದವರು, ಕಾಲುವೆ ನೀರು ಇದ್ದವರು ವರ್ಷವಿಡೀ ಮೆಕ್ಕೆಜೋಳ ಹಾಕುತ್ತಾರೆ. ಹುಳಕ್ಕೆ ಊಟ ತಪ್ಪೋದೇ ಇಲ್ಲ.

ಹಾಗಾದರೆ ಹವಾಮಾನ ಏನು ಮಾಡುತ್ತದೆ? ಬಂದ ಹುಳ ಎಷ್ಟು ಬೇಗ ಮರಿ ಮಾಡಬೇಕು, ಎಷ್ಟು ಉಳಿಯಬೇಕು ಅನ್ನೋದನ್ನು ಅದು ತೀರ್ಮಾನ ಮಾಡುತ್ತದೆ.

ಈ ಹುಳಕ್ಕೆ ಚಳಿ ಆಗಿಬರಲ್ಲ. ಕೆಲವು ಹುಳಗಳ ಹಾಗೆ ಚಳಿಗಾಲದಲ್ಲಿ ನಿದ್ದೆ ಹೊಡೆದು ಎದ್ದು ಬರೋ ಅಭ್ಯಾಸ ಇದಕ್ಕಿಲ್ಲ. ಅಮೆರಿಕದಲ್ಲಿ ಹಿಮ ಬಿದ್ದರೆ ಸತ್ತೇ ಹೋಗುತ್ತದೆ. ಫ್ಲಾರಿಡಾ, ಟೆಕ್ಸಾಸ್‌ನ ದಕ್ಷಿಣದ ತುದಿಯಲ್ಲಿ ಮಾತ್ರ ಚಳಿಗಾಲ ಕಳೆದು, ಪ್ರತಿ ವರ್ಷ ಅಲ್ಲಿಂದ ಉತ್ತರಕ್ಕೆ ಹಾರುತ್ತದೆ. ನಮ್ಮಲ್ಲಿ ಅದಕ್ಕೆ ಸಾಯುವಂಥ ಚಳಿ ಯಾವ ತಿಂಗಳೂ ಇಲ್ಲ. ಇದ್ದ ಚೂರು ಚಳಿಯೂ ಕಡಿಮೆಯಾದರೆ ಸಂಸಾರ ಇನ್ನೂ ಬೇಗ ಬೆಳೆಯುತ್ತದೆ.

ಎಷ್ಟು ಬೇಗ ಅಂತ ಲೆಕ್ಕ ಹಾಕಬಹುದು. ದಕ್ಷಿಣ ಆಫ್ರಿಕಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಲೆಕ್ಕ ಇದು. ಮೊಟ್ಟೆಯಿಂದ ಚಿಟ್ಟೆ ಆಗಲು 18 ಡಿಗ್ರಿಯಲ್ಲಿ ಸುಮಾರು 71 ದಿನ ಬೇಕು. 32 ಡಿಗ್ರಿಯಲ್ಲಿ 20 ದಿನ ಸಾಕು. ಸುಮಾರು 12.5 ಡಿಗ್ರಿಗಿಂತ ಕೆಳಗೆ ಬೆಳವಣಿಗೆ ನಿಲ್ಲುತ್ತದೆ. ಅದಕ್ಕಿಂತ ಮೇಲಿನ ಬಿಸಿಯನ್ನು ದಿನಾ ಕೂಡಿಸುತ್ತಾ ಹೋಗಿ. ಮೊತ್ತ 390 ಮುಟ್ಟಿದರೆ ಒಂದು ತಲೆಮಾರು ಮುಗಿಯಿತು ಅಂತ ಅರ್ಥ.

ಇದನ್ನು ನಾನು ಹೀಗೆ ಮಾಡುತ್ತೇನೆ. ಮೊಬೈಲಿನಲ್ಲಿ ಆ ದಿನದ ಜಾಸ್ತಿ ಮತ್ತು ಕಡಿಮೆ ಉಷ್ಣಾಂಶ ನೋಡುತ್ತೇನೆ. ಎರಡೂ ಕೂಡಿಸಿ ಅರ್ಧ ಮಾಡುತ್ತೇನೆ, ಅದರಲ್ಲಿ 12.5 ಕಳೆಯುತ್ತೇನೆ. ಜುಲೈನಲ್ಲಿ ಹಗಲು 31, ರಾತ್ರಿ 21 ಅಂದುಕೊಳ್ಳಿ. ಸರಾಸರಿ 26. 12.5 ಕಳೆದರೆ 13.5. 390ನ್ನು 13.5ರಿಂದ ಭಾಗಿಸಿದರೆ 29 ದಿನ. ಇನ್ನು ಜನವರಿಗೆ ಬನ್ನಿ. ಹಗಲು 29, ರಾತ್ರಿ 15 ಇದ್ದರೆ 41 ದಿನ ಬೇಕು. ಅದೇ ಜನವರಿಯಲ್ಲಿ ಹಗಲು 31, ರಾತ್ರಿ 18 ಆದರೆ? ಮೂವತ್ತೆರಡು, ಮೂವತ್ತಮೂರು ದಿನಕ್ಕೇ ಚಿಟ್ಟೆ ಹೊರಗೆ. "ಈ ಸಲ ಚಳಿನೇ ಬೀಳಲಿಲ್ಲ ಅಲ್ವಾ" ಅಂತ ನಾವು ಕಟ್ಟೆ ಮೇಲೆ ಕೂತು ಮಾತಾಡೋ ಹೊತ್ತಿಗೆ ಹುಳಕ್ಕೆ ಎಂಟು ದಿನ ಉಳಿದಿರುತ್ತದೆ.

ಒಂದು ಹೆಣ್ಣು ಚಿಟ್ಟೆ ಸಾವಿರದ ಮೇಲೆ ಮೊಟ್ಟೆ ಇಡುತ್ತದೆ. ವರ್ಷಕ್ಕೆ ಒಂದೇ ಒಂದು ತಲೆಮಾರು ಜಾಸ್ತಿ ಆದರೂ ಏನಾಗುತ್ತದೆ ಅಂತ ನೀವೇ ಯೋಚಿಸಿ. ಹಾಗಂತ ಬಿಸಿ ಏರಿದಷ್ಟೂ ಹುಳಕ್ಕೆ ಹಬ್ಬ ಅಂತೇನಲ್ಲ. 26ರಿಂದ 30 ಡಿಗ್ರಿ ಅದಕ್ಕೆ ಹಿತ. ಅದು ದಾಟಿದರೆ ಮರಿ ಸಾಯೋದೂ ಜಾಸ್ತಿ. ಈ ಲೆಕ್ಕ ಪ್ರಯೋಗಾಲಯದ್ದು, ಹೊಲದಲ್ಲಿ ಎರಡು ಮೂರು ದಿನ ಆಚೆ ಈಚೆ ಆಗುತ್ತದೆ. ನನಗೆ ಅಷ್ಟು ಸಾಕು.

ಬಿತ್ತನೆಯಲ್ಲೇ ಅರ್ಧ ಕೆಲಸ

"ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಅಂತ ನಮ್ಮತ್ತೆ ಈಗಲೂ ಹೇಳುತ್ತಾರೆ. ಗಾದೆ ಕಟ್ಟಿದ ಕಾಲದಲ್ಲಿ ರೋಹಿಣಿ, ಮೃಗಶಿರ, ಆರಿದ್ರಾ ಅಂತ ಮಳೆಗಳು ಸಾಲಾಗಿ ಬರುತ್ತಿದ್ದವೇನೋ. ಊರಿಗೆ ಊರೇ ಒಂದೇ ವಾರ ಕೂರಿಗೆ ಹೂಡುತ್ತಿತ್ತು. ಈಗ ಹಾಗಿಲ್ಲ. 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. ನಮ್ಮೂರಲ್ಲಿ ಕೆಲವರು ಹದ ಸಿಕ್ಕಿತು ಅಂತ ಮೇ ಕೊನೆಗೇ ಬಿತ್ತಿದರು. ಕೆಲವರ ಹೊಲ ಆರಲೇ ಇಲ್ಲ, ಅವರು ಜೂನ್ ಕೊನೆಯ ತನಕ ಕಾದರು. ನಡುವೆ ಒಂದು ತಿಂಗಳ ಅಂತರ.

ಈಗ ಮೇಲಿನ ಲೆಕ್ಕ ನೆನಪಿಸಿಕೊಳ್ಳಿ. ಒಂದು ತಲೆಮಾರು ಅಂದರೆ 29 ದಿನ. ಮೊದಲು ಬಿತ್ತಿದವರ ಹೊಲದಲ್ಲಿ ಬೆಳೆದ ಹುಳ ಚಿಟ್ಟೆಯಾಗಿ ಹೊರಬೀಳೋ ಹೊತ್ತಿಗೆ ತಡವಾಗಿ ಬಿತ್ತಿದವರ ಪೈರು ಎಳೆಸಾಗಿ ಕಾದಿರುತ್ತದೆ. ಆ ವರ್ಷ ತಡವಾಗಿ ಬಿತ್ತಿದವರಲ್ಲಿ ನಾವೂ ಇದ್ದೆವು. ಎಣಿಸಿದರೆ ನೂರಕ್ಕೆ ಹದಿನೇಳು ಗಿಡದಲ್ಲಿ ಲದ್ದಿ. ಕೆರೆ ಕೆಳಗಿನ ಮಾವನವರ ಹೊಲದಲ್ಲಿ, ಮೊದಲೇ ಬಿತ್ತಿದ್ದಕ್ಕೆ, ನೂರಕ್ಕೆ ಆರು.

ಹಾಗಾಗಿ ಮೊದಲ ಕೆಲಸ ಇದು: ಅಕ್ಕಪಕ್ಕದ ನಾಲ್ಕೈದು ಹೊಲದವರಾದರೂ ಮಾತಾಡಿಕೊಂಡು ಒಂದೇ ವಾರದೊಳಗೆ ಬಿತ್ತಿ. ಇಡೀ ಊರನ್ನು ಒಪ್ಪಿಸೋಕೆ ಆಗಲ್ಲ, ನಾನು ಪ್ರಯತ್ನ ಮಾಡಿ ಸುಸ್ತಾಗಿದ್ದೇನೆ. ಬದುವಿಗೆ ಬದು ಹೊಂದಿದವರು ಸಾಕು.

ಬೇಸಿಗೆಯಲ್ಲಿ ಒಂದು ಸಲ ಆಳವಾಗಿ ಉಳುಮೆ ಮಾಡಿಸಿ. ಹುಳ ಚಿಟ್ಟೆಯಾಗುವ ಮೊದಲು ಕೋಶ ಕಟ್ಟೋದು ಮಣ್ಣಿನಲ್ಲಿ, ಮೇಲಿಂದ ಎರಡರಿಂದ ಎಂಟು ಸೆಂಟಿಮೀಟರ್ ಒಳಗೆ. ಉತ್ತಾಗ ಮೇಲೆ ಬಂದ ಕೋಶ ಬಿಸಿಲಿಗೆ ಒಣಗುತ್ತದೆ, ಇಲ್ಲ ಬೆಳ್ಳಕ್ಕಿ ಪಾಲಾಗುತ್ತದೆ. ಕೊನೆ ಉಳುಮೆಗೆ ಎಕರೆಗೆ ಎರಡು ಕ್ವಿಂಟಾಲ್ ಬೇವಿನ ಹಿಂಡಿ ಹಾಕಲು ಹೇಳುತ್ತಾರೆ. ನಾನು ದುಡ್ಡಿದ್ದ ವರ್ಷ ಹಾಕಿದ್ದೇನೆ, ಇಲ್ಲದ ವರ್ಷ ಬಿಟ್ಟಿದ್ದೇನೆ.

ಬೀಜ ಕೊಳ್ಳುವಾಗ ಚೀಲದ ಮೇಲೆ ಬೀಜೋಪಚಾರ, ಅಂದರೆ ಬೀಜಕ್ಕೆ ಮೊದಲೇ ಲೇಪಿಸಿದ ಔಷಧಿ, ಏನಾಗಿದೆ ಅಂತ ಓದಿ. ಸಯಾಂಟ್ರಾನಿಲಿಪ್ರೋಲ್ ಮತ್ತು ಥಯಾಮೆಥಾಕ್ಸಮ್ ಸೇರಿದ ಉಪಚಾರ ಆಗಿದ್ದರೆ ಮೊದಲ 15ರಿಂದ 20 ದಿನ ಪೈರಿಗೆ ರಕ್ಷಣೆ ಇರುತ್ತದೆ. ಆಗಿಲ್ಲದಿದ್ದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಅಕ್ಕಡಿ ಸಾಲು ಬಿಡಬೇಡಿ. ತೊಗರಿ, ಅಲಸಂದೆ ನಡುವೆ ಇದ್ದರೆ ಹುಳ ತಿನ್ನುವ ಕೀಟಗಳಿಗೂ ಜಾಗ ಆಗುತ್ತದೆ, ಮನೆಗೆ ಬೇಳೆಯೂ ಆಗುತ್ತದೆ. ಎಕರೆಗೆ ಹತ್ತು ಕವೆಕೋಲು ನೆಡಿ, ಕಾಜಾಣ ಬಂದು ಕೂರಲಿ. ಕೂಲಿ ಕೇಳದೆ ಕೆಲಸ ಮಾಡೋದು ಅದೊಂದೇ.

ಮೊದಲ ಮೂವತ್ತು ದಿನ

ಬಿತ್ತಿದ ವಾರದಲ್ಲೇ ಎಕರೆಗೆ ಐದು ಮೋಹಕ ಬಲೆ ಕಟ್ಟಿ, ಹೆಣ್ಣು ಚಿಟ್ಟೆಯ ವಾಸನೆ ತೋರಿಸಿ ಗಂಡನ್ನು ಸೆಳೆಯೋ ಬಲೆ ಅದು. ಬಲೆ ಪೈರಿನ ತುದಿಯ ಮಟ್ಟಕ್ಕೆ ಇರಲಿ, ಪೈರು ಬೆಳೆದ ಹಾಗೆ ಏರಿಸಿ. ಬಲೆಯೊಳಗೆ ಇಡೋ ವಾಸನೆಯ ಲ್ಯೂರ್ ಕೊಳ್ಳುವಾಗ ಮೆಕ್ಕೆಜೋಳದ ಫಾಲ್ ಸೈನಿಕ ಹುಳುವಿನದು ಅಂತ ಹೇಳಿಯೇ ಕೇಳಿ. ನಾನು ಒಂದು ಸಲ ಕಾಯಿಕೊರಕ ಅನ್ನೋ ಬೇರೆ ಹುಳದ ಲ್ಯೂರ್ ತಂದು, ಚಿಟ್ಟೆಯೇ ಬೀಳ್ತಿಲ್ಲ ಅಂತ ಖುಷಿಯಲ್ಲಿ ಹದಿನೈದು ದಿನ ಕಳೆದೆ. ಬಿಸಿಲು ಜಾಸ್ತಿ ಇದ್ದರೆ ಲ್ಯೂರ್ ಬೇಗ ಆರುತ್ತದೆ, ತಿಂಗಳೊಳಗೆ ಬದಲಾಯಿಸಿ. ಬಲೆಗೆ ಬೀಳೋದು ಗಂಡು ಚಿಟ್ಟೆ ಮಾತ್ರ. ಹುಳ ಮುಗಿಸೋಕೆ ಅಲ್ಲ, ಬಂತು ಅಂತ ತಿಳಿಯೋಕೆ ಬಲೆ.

ಚಿಟ್ಟೆ ಬಿದ್ದ ಮರುದಿನದಿಂದ ಮೊಟ್ಟೆ ಹುಡುಕಿ. ಎಲೆ ಮೇಲೆ ಬೂದು ಬಣ್ಣದ ಸಣ್ಣ ಬೂಸ್ಟು ಹಿಡಿದ ಹಾಗೆ ಕಾಣುತ್ತದೆ. ಅದು ತಾಯಿ ಚಿಟ್ಟೆಯ ಮೈ ರೋಮ, ಅದರ ಕೆಳಗೆ ನೂರು ಇನ್ನೂರು ಮೊಟ್ಟೆ. ನಮ್ಮತ್ತೆಗೆ ಅರವತ್ತೆಂಟು ವರ್ಷ, ಕನ್ನಡಕ ಇಲ್ಲದೆ ಪತ್ರಿಕೆ ಓದಲಾರರು. ಆದರೆ ಕಳೆ ಕೀಳುತ್ತಾ ಹೋದರೆ ಈ ಬೂಸ್ಟು ಅವರ ಕಣ್ಣು ತಪ್ಪಲ್ಲ. ಎಲೆಯ ಅಷ್ಟು ಭಾಗ ಚಿವುಟಿ ಎರಡು ಬೆರಳ ನಡುವೆ ಹೊಸಕಿಬಿಡುತ್ತಾರೆ. ಒಂದು ಚಿವುಟಿಗೆ ಇನ್ನೂರು ಹುಳ. ಯಾವ ಔಷಧಿಗೂ ಆ ತಾಕತ್ತಿಲ್ಲ. ಆದರೆ ಎರಡು ಮೂರು ದಿನದಲ್ಲಿ ಮೊಟ್ಟೆ ಒಡೆಯುತ್ತದೆ. ನಾಳೆ ನೋಡೋಣ ಅಂದರೆ ಕೆಲಸ ಕೆಟ್ಟಿತು.

ಮರಿ ಹೊರಬಂದರೆ ಮೊದಲು ಎಲೆಯ ಹಸಿರು ಕೆರೆದು ತಿನ್ನುತ್ತದೆ. ಎಲೆಯಲ್ಲಿ ಬಿಳಿ ಕಾಗದದಂಥ ಸಣ್ಣ ಸಣ್ಣ ಕಿಟಕಿ ಬೀಳುತ್ತವೆ. ಔಷಧಿ ಕೆಲಸ ಮಾಡೋದು ಈ ಹೊತ್ತಿನಲ್ಲೇ. ತೂತು ದೊಡ್ಡದಾಗಿ, ಸುಳಿಯಲ್ಲಿ ಲದ್ದಿ ತುಂಬಿದ ಮೇಲೆ ತಡವಾಯಿತು ಅಂತಲೇ ಲೆಕ್ಕ.

ಎಣಿಸೋದು ಹೇಗೆ? ಬೆಳಿಗ್ಗೆ ಆರೂವರೆಯೊಳಗೆ ಹೋಗಿ. ಹೊಲದೊಳಗೆ ಡೊಂಕಾಗಿ ಆಚೆ ಈಚೆ ನಡೆಯುತ್ತಾ ಐದು ಕಡೆ ನಿಲ್ಲಿ. ಬದುವಿನ ಸಾಲು ಬಿಟ್ಟು ಒಳಗೆ ನಿಲ್ಲಬೇಕು. ಒಂದೊಂದು ಕಡೆ ಸಾಲಾಗಿ ಇಪ್ಪತ್ತು ಗಿಡ ನೋಡಿದರೆ ಒಟ್ಟು ನೂರು. ಹಳೇ ತೂತು ಲೆಕ್ಕಕ್ಕಿಲ್ಲ. ಹರಿದ ಎಲೆ ಹರಿದೇ ಇರುತ್ತದೆ, ಹುಳ ಯಾವತ್ತೋ ಹೋಗಿರಬಹುದು. ಹೊಸ ಸುಳಿ ಎಲೆ ನೋಡಿ. ಒದ್ದೆ ಲದ್ದಿ, ಹೊಸ ಕಿಟಕಿ ಇದ್ದರೆ ಮಾತ್ರ ಒಂದು ಗೆರೆ ಎಳೆಯಿರಿ.

ಅನುಮಾನ ಇದ್ದರೆ ಸುಳಿ ಬಿಡಿಸಿ. ಒಂದೊಂದೇ ಎಲೆ ಬಾಳೆದಿಂಡು ಸುಲಿದ ಹಾಗೆ ಬಿಡಿಸುತ್ತಾ ಹೋದರೆ ನಡುವೆ ಮುದುರಿ ಕೂತಿರುತ್ತದೆ. ಬಲಿತದ್ದು ಬೆಂಕಿಕಡ್ಡಿಯಷ್ಟು ಉದ್ದ. ಅಂಗೈ ಮೇಲೆ ಹಾಕಿಕೊಂಡು ತಲೆ ನೋಡಿ. ಇಂಗ್ಲಿಷ್ ವೈ ಅಕ್ಷರ ತಲೆಕೆಳಗಾದ ಹಾಗೆ ಬಿಳಿ ಗೆರೆ ಇರುತ್ತದೆ. ಹಿಂಬದಿಯಲ್ಲಿ, ಬಾಲಕ್ಕಿಂತ ಸ್ವಲ್ಪ ಮುಂದೆ, ಕೇರಂ ಬೋರ್ಡಿನ ನಾಲ್ಕು ಮೂಲೆಯ ಹಾಗೆ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕಿ. ಇವೆರಡೂ ಇದ್ದರೆ ಅದೇ. ಒಂದು ಸುಳಿಯಲ್ಲಿ ಸಾಮಾನ್ಯವಾಗಿ ಒಂದೇ ದೊಡ್ಡ ಹುಳ ಸಿಗುತ್ತದೆ. ಯಾಕೆಂದರೆ ಉಳಿದವನ್ನು ಅದೇ ತಿಂದಿರುತ್ತದೆ.

ನೂರಕ್ಕೆ ಐದಕ್ಕಿಂತ ಕಡಿಮೆ ಗಿಡ ಇದ್ದರೆ ಕೈಯಲ್ಲೇ ಆರಿಸಿ. ನಾವು ಆ ಸುಳಿಗಳಿಗೆ ಒಂದು ಚಿಟಿಕೆ ಮರಳು ಸುಣ್ಣ ಹಾಕುತ್ತೇವೆ. ಒಂಬತ್ತು ಪಾಲು ಮರಳು, ಒಂದು ಪಾಲು ಸುಣ್ಣ. ಮಕ್ಕಳಿಗೆ ಭಾನುವಾರ ಇದೇ ಕೆಲಸ. ಐದರಿಂದ ಹತ್ತು ಗಿಡ ಇದ್ದರೆ 1500 ಪಿಪಿಎಂ ಬೇವಿನ ಔಷಧಿ, ಲೀಟರಿಗೆ 5 ಮಿಲಿ. ಹತ್ತು ದಾಟಿದರೆ ರಾಸಾಯನಿಕ ಔಷಧಿ. ಗಿಡ ಮೊಣಕಾಲು ದಾಟಿ ಗಟ್ಟಿಯಾಗಿದ್ದರೆ ಇಪ್ಪತ್ತರ ತನಕ ಕಾಯುತ್ತೇನೆ. ಎಮಾಮೆಕ್ಟಿನ್ ಬೆಂಜೊಯೇಟ್ ಆದರೆ ಲೀಟರಿಗೆ 0.4 ಗ್ರಾಂ, ಅಂದರೆ ಹದಿನೈದು ಲೀಟರ್ ಕ್ಯಾನಿಗೆ 6 ಗ್ರಾಂ. ಮತ್ತೆ ಬೇಕಾದರೆ ಅದನ್ನೇ ಹೊಡೆಯಬೇಡಿ. ಸ್ಪಿನೆಟೋರಾಮ್ ಲೀಟರಿಗೆ 0.5 ಮಿಲಿ, ಇಲ್ಲ ಕ್ಲೋರಾಂಟ್ರಾನಿಲಿಪ್ರೋಲ್ 0.4 ಮಿಲಿ. ಒಂದು ಸಲಕ್ಕೆ ಒಂದೇ. ಮೂರು ಬಾಟಲಿ ಕಾಕ್‌ಟೈಲ್ ಯಾರು ಕೊಟ್ಟರೂ ವಾಪಸ್ ಕೊಡಿ.

ಹೊಡೆಯೋದು ಸಂಜೆ ಐದರ ಮೇಲೆ. ನಾಜಲ್ ಸುಳಿಗೆ ನೇರ ಹಿಡಿಯಿರಿ, ನೀರು ಸುಳಿಯಲ್ಲಿ ನಿಲ್ಲಬೇಕು. ಗಾಳಿಗೆ ಬೆನ್ನು ಕೊಟ್ಟು ನಡೆಯಿರಿ, ಮೂಗು ಬಾಯಿಗೆ ಬಟ್ಟೆ, ಕೈಗೆ ಗ್ಲೌಸ್. ಮೇವಿಗೆ ಕಡಿಯುವ ಪೈರಾದರೆ ಲೇಬಲ್ ಮೇಲೆ ಬರೆದಷ್ಟು ದಿನ ಕಾಯದೆ ದನಕ್ಕೆ ಹಾಕಬೇಡಿ. ಗಿಡದ ತುದಿಯಲ್ಲಿ ಸೂಲಂಗಿ (ಗಂಡು ಹೂ) ಬಂದ ಮೇಲೆ ನಾವು ಏನನ್ನೂ ಹೊಡೆಯಲ್ಲ.

ದೊಡ್ಡ ಹುಳ ಉಳಿದುಬಿಟ್ಟರೆ ತೌಡಿನ ವಿಷದ ತಿನಿಸು ಮಾಡುತ್ತಾರೆ. ಹತ್ತು ಕೆಜಿ ತೌಡು, ಎರಡು ಕೆಜಿ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುಳಿ ಬರಿಸೋದು. ಹಾಕುವ ಅರ್ಧ ಗಂಟೆ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ ಸುಳಿಗೆ ಉದುರಿಸೋದು. ಎಕರೆಗೆ ಇಷ್ಟು. ಬೆಲ್ಲದ ವಾಸನೆಗೆ ನಾಯಿ, ಕೋಳಿ ಬರುತ್ತವೆ. ನಾನು ಒಂದೇ ಸಲ ಮಾಡಿದ್ದು, ಎರಡು ಕೋಳಿ ಕಳೆದುಕೊಂಡ ಮೇಲೆ ಬಿಟ್ಟೆ.

ಮಳೆ ಕೈಕೊಟ್ಟಾಗ

ನನ್ನ ಪುಸ್ತಕದಲ್ಲಿ ಅತಿ ಕೆಟ್ಟ ಹಾಳೆ 2023ರ ಆಗಸ್ಟಿನದು. 1901ರಿಂದ ಲೆಕ್ಕ ಇಟ್ಟಾಗಿನಿಂದ ದೇಶದಲ್ಲಿ ಅಷ್ಟು ಒಣ ಆಗಸ್ಟ್ ಬಂದೇ ಇರಲಿಲ್ಲ. ಜುಲೈ ಕೊನೆಗೆ ಎರಡನೇ ಸಲ ಬಿತ್ತಿದ್ದ ಪೈರು ಬಾಡಿ ಸುರುಳಿ ಸುತ್ತಿಕೊಂಡಿತ್ತು. ನೀರಿಲ್ಲದ ಗಿಡ ಬೆಳೆಯಲ್ಲ, ಸುಳಿ ಹಂತದಲ್ಲೇ ದಿನಗಟ್ಟಲೆ ನಿಲ್ಲುತ್ತದೆ. ಹುಳಕ್ಕೆ ಬೇಕಾದ್ದೂ ಅದೇ.

ಮಳೆ ನಮ್ಮ ಪರ ಎರಡು ಕೆಲಸ ಮಾಡುತ್ತದೆ. ಜೋರು ಮಳೆ ಬಂದರೆ ಸಣ್ಣ ಮರಿ ಕೊಚ್ಚಿ ಹೋಗುತ್ತದೆ, ಸುಳಿಯಲ್ಲಿ ನಿಂತ ನೀರಿಗೆ ಮುಳುಗುತ್ತದೆ. ಇನ್ನೊಂದು, ವಾರಗಟ್ಟಲೆ ಮೋಡ, ತೇವ ಇದ್ದರೆ ಹುಳಕ್ಕೆ ಬೂಷ್ಟು ರೋಗ ಬರುತ್ತದೆ. ಎಲೆ ಮೇಲೆ ಸುಣ್ಣ ಬಳಿದ ಹಾಗೆ ಬೆಳ್ಳಗೆ ಗಟ್ಟಿಯಾದ ಹುಳ ಸಿಗುತ್ತದೆ, ಆಮೇಲೆ ತಿಳಿ ಹಸಿರಿಗೆ ತಿರುಗುತ್ತದೆ. ಮೊದಲ ಸಲ ನೋಡಿ ಯಾರೋ ಔಷಧಿ ಹೊಡೆದಿದ್ದಾರೆ ಅಂದುಕೊಂಡಿದ್ದೆ. ಅದು ನೊಮುರಿಯಾ ಅನ್ನೋ ಶಿಲೀಂಧ್ರ, ಈಗ ಮೆಟರೈಜಿಯಂ ರಿಲೆಯಿ ಅಂತ ಕರೆಯುತ್ತಾರೆ. ಪುಡಿ ರೂಪದಲ್ಲಿ ಸಿಗುತ್ತದೆ, ಲೀಟರಿಗೆ 2 ಗ್ರಾಂ. ಆದರೆ ಒಣ ಹವೆಯಲ್ಲಿ ಅದು ಹತ್ತಲ್ಲ. ದುಡ್ಡು ಮಣ್ಣಿಗೆ ಹಾಕಿದ ಹಾಗೆ.

ಹಾಗಾಗಿ ನನ್ನ ಪದ್ಧತಿ ಇಷ್ಟು. ಮುಂದಿನ ನಾಲ್ಕೈದು ದಿನ ಮೋಡ, ಜಿಟಿಜಿಟಿ ಇದೆ ಅಂತಾದರೆ ಶಿಲೀಂಧ್ರ, ಅದೂ ಸಂಜೆ. ದೊಡ್ಡ ಮಳೆ ಇದೆ ಅಂದರೆ ಏನೂ ಹೊಡೆಯಲ್ಲ, ಮಳೆ ಕಳೆದು ಮತ್ತೆ ಎಣಿಸುತ್ತೇನೆ. ಎಷ್ಟೋ ಸಲ ಹನ್ನೆರಡು ಇದ್ದದ್ದು ಐದಕ್ಕೆ ಇಳಿದಿದೆ. ಹತ್ತು ದಿನ ಮಳೆ ಇಲ್ಲ ಅಂದರೆ ವಾರಕ್ಕೊಮ್ಮೆ ಎಣಿಸೋದನ್ನು ಮೂರು ದಿನಕ್ಕೊಮ್ಮೆ ಮಾಡುತ್ತೇನೆ. ಪಕ್ಕದವರು ಕ್ಯಾನ್ ಎತ್ತಿದರು ಅಂತ ನಾನು ಎತ್ತಲ್ಲ. ಇದು ಹೇಳಿದಷ್ಟು ಸುಲಭ ಅಲ್ಲ. ಅವರ ಪಂಪಿನ ಸದ್ದು ಕೇಳುತ್ತಾ ಸುಮ್ನೆ ಕೂರೋಕೆ ಗಟ್ಟಿ ಎದೆ ಬೇಕು. ಮಳೆ ಮುನ್ಸೂಚನೆಗೆ ನಾನು ರಾಜ್ಯದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಮ್ಮ ಹೋಬಳಿ ಹೆಸರು ಹೇಳಿ ಕೇಳುತ್ತೇನೆ.

ಕೊಯ್ಲು ಆದ ಮೇಲೆ ಬದುವಿನಲ್ಲಿ, ಕಣದ ಸುತ್ತ ತಾನಾಗಿ ಹುಟ್ಟಿದ ಮೆಕ್ಕೆಜೋಳದ ಗಿಡ ಇದ್ದರೆ ಕಿತ್ತು ದನಕ್ಕೆ ಹಾಕಿ. ಚಳಿ ಇಲ್ಲದ ಡಿಸೆಂಬರಿನಲ್ಲಿ ಅಂಥ ಹತ್ತು ಗಿಡದಲ್ಲೇ ಒಂದು ತಲೆಮಾರು ದಾಟಿಕೊಳ್ಳುತ್ತದೆ.

ಮೆಣಸಿನಕಾಯಿ ಬೆಳೆಯೋರು ಕಪ್ಪು ಥ್ರಿಪ್ಸ್ ಬಗ್ಗೆ, ತೆಂಗಿನವರು ಬಿಳಿ ನೊಣದ ಬಗ್ಗೆ ಕೇಳುತ್ತಾರೆ. ಅವೂ ಹೊರಗಿಂದಲೇ ಬಂದವು. ತೆಂಗಿನ ಬಿಳಿ ನೊಣವೂ ಮಳೆ ಕಡಿಮೆಯಾಗಿ ಒಣ ಹವೆ ಬಂದಾಗ ಏರುತ್ತದೆ. ಆದರೆ ಅವುಗಳ ಲೆಕ್ಕ ಬೇರೆ, ನನ್ನ ಹೊಲದಲ್ಲಿ ಅವಿಲ್ಲ. ಈ 390ರ ಲೆಕ್ಕ ಅವಕ್ಕೆ ಹಾಕಬೇಡಿ.

ಗುರುತು ಸಿಗದ ಹುಳ ಕಂಡರೆ ಕಿಸಾನ್ ಕಾಲ್ ಸೆಂಟರಿಗೆ, 1800-180-1551ಕ್ಕೆ, ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ. ಮಾಡುವ ಮೊದಲು ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ: ಬಿತ್ತಿ ಎಷ್ಟು ದಿನ, ನೂರಕ್ಕೆ ಎಷ್ಟು ಗಿಡ, ಕೊನೆಯ ಮಳೆ ಯಾವಾಗ, ಇಲ್ಲಿ ತನಕ ಏನು ಹೊಡೆದಿದ್ದೀರಿ. 2018ರಲ್ಲಿ ನನ್ನನ್ನು ಇವೇ ನಾಲ್ಕು ಪ್ರಶ್ನೆ ಕೇಳಿದ್ದರು. ಬಿತ್ತಿದ ದಿನ ಬಿಟ್ಟು ಬೇರೆ ಯಾವುದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.